ದೃಷ್ಟಿಬೊಟ್ಟು

ಸರಿಯಾದ ಉತ್ತರ ಒಂದನ್ನು ಹುಡುಕುವುದಕ್ಕಿಂತ ತಪ್ಪು ಉತ್ತರ ಮೂರನ್ನು ಹುಟ್ಟಿಸುವುದು ಕಷ್ಟದ ಕೆಲಸವೆಂದು ಅವನು ಹೊಸದಾಗಿ ಸೇರಿದವರಿಗೆಲ್ಲ ಹೇಳುತ್ತಿದ್ದ. ತಪ್ಪು ಉತ್ತರ ಸರಿಯ ಪಕ್ಕದ ಮನೆಯಲ್ಲೇ ವಾಸವಾಗಿರಬೇಕು. ಓದದೆ ಬಂದವನು ಹೇಗೂ ಮುಗ್ಗರಿಸುತ್ತಾನೆ, ಅರ್ಧ ಓದಿದವನನ್ನು ಮುಗ್ಗರಿಸುವಂತೆ ಮಾಡುವುದೇ ಈ ಕಸುಬಿನ ಜಾಣತನ. ಆ ಜಾಣತನದಿಂದಲೇ ಅವನ ಹೊಟ್ಟೆ ತುಂಬುತ್ತಿತ್ತು. ಆಡಳಿತ ಸೇವೆಯ ಪರೀಕ್ಷೆಗೆ ಹುಡುಗ ಹುಡುಗಿಯರನ್ನು ತಯಾರು ಮಾಡುವ ಕೋಚಿಂಗ್ ಕೇಂದ್ರವೊಂದರ ಮೇಲಿನ ಮಹಡಿಯ ಮೂಲೆಯ ಕೋಣೆಯಲ್ಲಿ ಅವನ ಮೇಜು. ತಿಂಗಳಿಗೊಂದು ಪ್ರಚಲಿತ ವಿದ್ಯಮಾನಗಳ ಪುಸ್ತಕ ಬರೆದು ಅಚ್ಚಿಗೆ ಕಳಿಸುವುದು ಅವನ ಕೆಲಸ. ಇವತ್ತು ಬಂದು ಕೂತವನು ಯಾವುದೋ ಎರಡು ದೇಶಗಳ ಮೀನುಗಾರಿಕೆ ಒಪ್ಪಂದದ ಮೇಲೆ ಪ್ರಶ್ನೆ ಬರೆದು, ಅ, ಆ, ಇ ಎಂದು ಮೂರು ಆಯ್ಕೆ ತುಂಬಿ, ನಾಲ್ಕನೆಯದಕ್ಕೆ ಏನೂ ಹೊಳೆಯದೆ ಪರದೆಯನ್ನೇ ನೋಡುತ್ತಿದ್ದ. ಕಿವಿಯಲ್ಲಿ ಬೆಳಗಿನ ಮಾತೇ ಇತ್ತು. ಕಪ್ಪೆ ಕೇಳಿದ್ರು ಮಾವ, ಎಂದು ಪುಟ್ಟಿ ಬೆಳಿಗ್ಗೆ ನಗುತ್ತಲೇ ಹೇಳಿದ್ದಳು. ಅವಳು ಅವನ ಅಕ್ಕನ ಮಗಳು. ರಾಜಧಾನಿಯಲ್ಲಿ ಸಂದರ್ಶನ ಮುಗಿಸಿ ಆಗಷ್ಟೇ ರೈಲಿಳಿದು ಬಂದವಳು, ಚಪ್ಪಲಿ ಕೂಡ ಬಿಚ್ಚದೆ ಬಾಗಿಲಲ್ಲೇ ಶುರು ಹಚ್ಚಿಕೊಂಡಿದ್ದಳು. ಒಳಗೆ ಅಕ್ಕ ಹೊಲಿಗೆ ಯಂತ್ರದ ಪೆಡಲ್ ನಿಲ್ಲಿಸಿ, ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಕೇಳುತ್ತಿದ್ದಳು.

"ಬಲಗಡೆ ಕೂತಿದ್ದ ಮೇಡಂ ಕೇಳಿದ್ದು. ಪ್ರಾಣಿಶಾಸ್ತ್ರ ಓದಿದೀರಲ್ಲ, ಬೆಟ್ಟದ ತೊರೇಲಿ ಹೊಸ ಕಪ್ಪೆ ಸಿಕ್ತಲ್ಲ, ಅದಕ್ಕೆ ಯಾರ ಹೆಸರಿಟ್ರು ಅಂದ್ರು. ನಂಗೆ ಒಳಗೊಳಗೇ ಖುಷಿ. ತಂಡದ ಮುಖ್ಯಸ್ಥರು ಅವರ ತಾಯಿ ಹೆಸರಿಟ್ರು ಅಂದೆ. ಖಚಿತಾನಾ ಅಂದ್ರು. ಖಚಿತ ಮೇಡಂ ಅಂದೆ."

"ಆಮೇಲೆ?" ಎಂದು ಅವನು ಕೇಳಿದ್ದ. ಶೂ ಲೇಸು ಕಟ್ಟಲು ಬಗ್ಗಿದ್ದವನು ಬಗ್ಗಿದಂತೆಯೇ ಇದ್ದ.

"ಎಲ್ಲಿ ಓದಿದ್ರಿ ಅಂದ್ರು. ಕೋಚಿಂಗ್ ಪುಸ್ತಕದ ಹೆಸರು ಎತ್ತಬಾರದು ಅಂತ ನೀನು ಹೇಳ್ಕೊಟ್ಟಿದ್ದೆಯಲ್ಲ. ತಂಡದವರ ವರದೀಲಿ ಓದಿದೆ ಅಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ರು ಅಷ್ಟೆ. ಪಕ್ಕದವರು ಬೇರೆ ಏನೋ ಕೇಳೋಕೆ ಶುರು ಮಾಡಿದ್ರು. ಅದು ಯಾವ ವರದಿ ಮಾವ? ಹೆಸರು ಗೊತ್ತಿದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು."

"ನೋಡಿ ಹೇಳ್ತೀನಿ," ಎಂದು ಅವನು ಎದ್ದು ಹೊರಟಿದ್ದ. ಕಟ್ಟಿದ ಲೇಸು ಸಡಿಲವಾಗಿತ್ತು, ದಾರಿಯುದ್ದಕ್ಕೂ ಬಿಚ್ಚಿಕೊಳ್ಳುತ್ತಿತ್ತು.

ವರದಿ ಎಲ್ಲಿಂದ ಬರಬೇಕು? ಆ ತಾಯಿಯನ್ನು ಹುಟ್ಟಿಸಿದ್ದೇ ಅವನು, ಇದೇ ಕುರ್ಚಿಯಲ್ಲಿ ಕೂತು, ಚಹಾ ಆರುವುದರೊಳಗೆ. ಎದುರಿನ ರಸ್ತೆಯ ಕೇಂದ್ರದವರು ಇವರ ಪುಸ್ತಕ ಹೊರಬಂದ ವಾರದೊಳಗೆ ಅದನ್ನೇ ಅಕ್ಷರಶಃ ಎತ್ತಿ ತಮ್ಮ ರಕ್ಷಾಪುಟ ಹೊದಿಸಿ ಮಾರುತ್ತಿದ್ದ ಕಾಲದಲ್ಲಿ ಇವರ ಕೇಂದ್ರದ ಡೈರೆಕ್ಟರು ಈ ಉಪಾಯ ಕಂಡುಹಿಡಿದಿದ್ದರು. ಚಂದದ ಮಗುವಿನ ಕೆನ್ನೆ ಮೇಲೆ ಒಂದು ಬೊಟ್ಟು ಇಡಲ್ವಾ ಮೇಷ್ಟ್ರೇ, ಹಾಗೆ ತಿಂಗಳಿಗೊಂದು ಸಣ್ಣ ತಪ್ಪು ಇಡಿ, ಅವರ ಪುಸ್ತಕದಲ್ಲೂ ಅದೇ ತಪ್ಪು ಕಾಣಿಸಿದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಅಂದಿನಿಂದ ಅದಕ್ಕೆ ಅವರಿಬ್ಬರ ನಡುವೆ ದೃಷ್ಟಿಬೊಟ್ಟು ಎಂದೇ ಹೆಸರು. ಮೊದಲ ಬೊಟ್ಟು ಎದುರಿನವರ ಪುಸ್ತಕದಲ್ಲಿ ಮೂಡಿದ ದಿನ ಇಬ್ಬರೂ ಬಾಗಿಲು ಹಾಕಿಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕಿದ್ದರು. ನಿಯಮವೂ ಇತ್ತು. ಬೊಟ್ಟು ಪರೀಕ್ಷೆಯಲ್ಲಿ ಯಾರೂ ಕೇಳದಂಥ ಮೂಲೆಯಲ್ಲಿರಬೇಕು. ಮುಂದಿನ ತಿಂಗಳ ಪುಸ್ತಕದ ಕಡೆಯ ಪುಟದ ತಳದಲ್ಲಿ ಸಣ್ಣಕ್ಷರದಲ್ಲಿ ತಿದ್ದುಪಡಿ ಬರಬೇಕು. ಮೂರನೆಯವರ ಕಿವಿಗೆ ಬೀಳಬಾರದು, ಮನೆಯಲ್ಲೂ ಬೇಡ. ಮೊದಮೊದಲು ಅವನು ಅಂಕಿಗಳನ್ನು ಬದಲಾಯಿಸುತ್ತಿದ್ದ. ಅಂಕಿ ಬೇಗ ಸಿಕ್ಕಿಬೀಳುತ್ತದೆಂದು ಬರಬರುತ್ತಾ ಕಲಿತ. ಹೆಬ್ಬೆರಳ ಉಗುರಿನಷ್ಟು ದೊಡ್ಡದಾದ ಆ ಕಪ್ಪೆಗೆ ತಂಡದವರು ಇಟ್ಟದ್ದು ಅದೇ ತೊರೆಯಲ್ಲಿ ಕಾಲು ಜಾರಿ ಮುಳುಗಿ ಸತ್ತ ತಮ್ಮ ವಿದ್ಯಾರ್ಥಿಯ ಹೆಸರನ್ನು. ಅವನು ಅದನ್ನು ಅಳಿಸಿ, ಮುಖ್ಯಸ್ಥನ ತಾಯಿಯ ಹೆಸರು ಎಂದು ಬರೆದ. ತಾಯಿ ಎಂದರೆ ಯಾರು ಹೋಗಿ ಪರಿಶೀಲಿಸುತ್ತಾರೆ? ಬರೆದ ಮೇಲೆ ಆ ಸಾಲು ನಿಜಕ್ಕಿಂತ ಚೆನ್ನಾಗಿದೆ ಅನ್ನಿಸಿ, ಎರಡು ಸಲ ಓದಿ, ಒಂದು ವಿಶೇಷಣವನ್ನು ಬೇರೆ ಸೇರಿಸಿದ್ದ. ಸತ್ತ ಹುಡುಗನ ನೆನಪು ಅವನಿಗೆ ಆ ಹೊತ್ತಿನಲ್ಲಿ ಕಾಡಲೇ ಇಲ್ಲ.

ಮುಂದಿನ ತಿಂಗಳು ತಿದ್ದುಪಡಿ ಬರೆದು ಕಳಿಸಿದ್ದು ಮಾತ್ರ ಸತ್ಯ. ಆದರೆ ಆ ವರ್ಷದ ಫಲಿತಾಂಶ ಅದೇ ವಾರ ಬಂದಿತ್ತು. ಕಡೆಯ ಪುಟ ಪೂರ್ತಿ ತೇರ್ಗಡೆಯಾದವರ ನಗುಮುಖಗಳ ಜಾಹೀರಾತಿಗೆ ಹೋಯಿತು. ಜಾಗ ಇಲ್ಲ, ಬರೋ ತಿಂಗಳು ಹಾಕಿ ಅಂದರು ಡೈರೆಕ್ಟರು. ಬರುವ ತಿಂಗಳು ಅವನು ಮರೆತ. ಪುಟ್ಟಿ ಆಗಿನ್ನೂ ಮೊದಲ ಹಂತವನ್ನೇ ದಾಟಿರಲಿಲ್ಲ. ಅವಳು ಅದನ್ನು ದಾಟಿ, ಎರಡನೆಯದನ್ನೂ ದಾಟಿ, ಸಂದರ್ಶನದ ಕರೆ ಬಂದಾಗ ಮನೆಯಲ್ಲಿ ಹಬ್ಬದ ಹಾಗಿತ್ತು. ಬೊಟ್ಟುಗಳನ್ನೆಲ್ಲ ಅವಳಿಗೆ ಹೇಳಿಬಿಡಬೇಕು ಎಂದು ಅವನು ಅಂದುಕೊಂಡದ್ದೂ ಉಂಟು. ಅವಳ ಕೋಣೆಯ ಬಾಗಿಲ ತನಕ ಹೋಗಿದ್ದ. ಅವಳು ಅವನ ಹಳೆಯ ಪುಸ್ತಕಗಳನ್ನು ತಿಂಗಳುವಾರು ಜೋಡಿಸಿಕೊಂಡು, ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಓದುತ್ತಿದ್ದಳು. ಮಾವ ಬರೆದದ್ದು ಎಂಬ ಹೆಮ್ಮೆ ಆ ಜೋಡಣೆಯಲ್ಲೇ ಕಾಣುತ್ತಿತ್ತು. ಅದರ ಮುಂದೆ ನಿಂತು, ಇದರಲ್ಲಿ ನಾನು ಬೇಕೆಂದೇ ಸುಳ್ಳು ಬರೆದಿದ್ದೇನೆ ಎಂದು ಹೇಳಲು ಬಾಯಿ ಬರಲಿಲ್ಲ. ದೀಪ ಆರಿಸು, ಕಣ್ಣು ಹಾಳಾಗುತ್ತೆ ಎಂದು ಹೇಳಿ ವಾಪಸಾಗಿದ್ದ. ನಾಚಿಕೆ, ಬರೀ ನಾಚಿಕೆ. ಅವಳ ವಯಸ್ಸಿನ ಮಿತಿ ಈ ವರ್ಷಕ್ಕೆ ಮುಗಿಯುತ್ತಿತ್ತು. ಇದು ಕಡೆಯ ಸಲ ಎಂದು ಗೊತ್ತಿದ್ದೂ ಅವನಿಗೆ ತನ್ನ ಮಾನ ದೊಡ್ಡದಾಗಿ ಕಂಡಿತ್ತು.

ಡೈರೆಕ್ಟರು ತಾವೇ ಮಹಡಿ ಹತ್ತಿ ಬಂದರು. ಏದುಸಿರು ಬಿಡುತ್ತಾ ಅವನ ಮೇಜಿನ ಮೂಲೆಯಲ್ಲಿ ಕೂತರು. ಒಳ್ಳೆಯವರೇ, ಅಕ್ಕನಿಗೆ ಶಸ್ತ್ರಚಿಕಿತ್ಸೆಯಾದಾಗ ಕೇಳದೆ ರಜೆ ಕೊಟ್ಟವರು.

"ಏನ್ ಮೇಷ್ಟ್ರೇ, ನಮ್ಮ ಹುಡುಗಿ ಹೇಗೆ ಮಾಡಿದ್ಳಂತೆ?"

ಅವನು ಎದ್ದು ಬಾಗಿಲು ಮುಂದಕ್ಕೆ ಹಾಕಿ ಎಲ್ಲ ಹೇಳಿದ. ಹೇಳುವಾಗ ಪೇಪರ್‌ವೇಟನ್ನು ತಿರುಗಿಸುತ್ತಿದ್ದ.

"ಒಂದು ಪ್ರಶ್ನೆ ತಾನೇ," ಎಂದರು ಡೈರೆಕ್ಟರು. "ಅಷ್ಟು ಹೊತ್ತಲ್ಲಿ ಎಷ್ಟು ಕೇಳಿರ್ತಾರೆ. ಒಂದಕ್ಕೋಸ್ಕರ ಯಾರನ್ನೂ ಎತ್ತಿ ಬಿಸಾಕಲ್ಲ."

"ಗೊತ್ತಿಲ್ಲ ಅಂದಿದ್ರೆ ಹೋಗ್ಲಿ ಅನ್ಬಹುದಿತ್ತು ಸರ್. ಖಚಿತ ಅಂದಿದಾಳೆ. ವರದೀಲಿ ಓದಿದೀನಿ ಅಂದಿದಾಳೆ. ಸುಳ್ಳುಗಾತಿ ಅಂದ್ಕೊಂಡಿರ್ತಾರೆ."

"ಅಂದ್ಕೊಂಡಿರ್ಬಹುದು. ಈಗ ನೀವು ಹೋಗಿ ಅವಳಿಗೆ ಹೇಳಿದ್ರೆ ಅವರು ಅಂದ್ಕೊಂಡಿದ್ದು ಅಳಿಸಿ ಹೋಗುತ್ತಾ? ಹುಡುಗಿ ನಿದ್ದೆ ಕೆಡುತ್ತೆ, ಅಷ್ಟೆ. ಫಲಿತಾಂಶದ ತನಕ ಆದ್ರೂ ನೆಮ್ಮದಿಯಾಗಿರ್ಲಿ ಬಿಡಿ." ಎದ್ದು ನಿಂತು, ಪ್ಯಾಂಟಿನ ಧೂಳು ಕೊಡವಿಕೊಂಡು, "ಅಂದ ಹಾಗೆ ಮಧ್ಯಾಹ್ನ ಹೊಸ ಬ್ಯಾಚಿನ ಮುಂದೆ ಎರಡು ಮಾತಾಡು ಅಂತ ಅವಳಿಗೆ ಆಗ್ಲೇ ಫೋನ್ ಮಾಡ್ಬಿಟ್ಟಿದೀನಿ. ಬರ್ತೀನಿ ಅಂದ್ಳು ಪಾಪ," ಎಂದರು.

ಸುಳ್ಳುಗಾತಿ ಎಂಬ ಮಾತು ಅವನ ಬಾಯಿಂದಲೇ ಬಂದದ್ದು. ಬಂದ ಮೇಲೆ ಅದು ಕೋಣೆಯಲ್ಲಿ ಉಳಿದುಬಿಟ್ಟಿತು. ಅವನೂ ಒಂದು ಕಾಲಕ್ಕೆ ಅಂಥದೇ ಮೇಜಿನ ಮುಂದೆ ಕೂತವನು. ಎರವಲು ತಂದ ಕೋಟಿನ ತೋಳು ಗಿಡ್ಡವಾಗಿ ಮಣಿಕಟ್ಟು ಹೊರಗೆ ಕಾಣುತ್ತಿತ್ತು. ಅದನ್ನು ಮರೆಸಲು ಕೈಯನ್ನು ಮೇಜಿನ ಕೆಳಗೇ ಇಟ್ಟುಕೊಂಡಿದ್ದ. ಏನೋ ಕೇಳಿದರು, ಅವನಿಗೆ ತಿಳಿದಿರಲಿಲ್ಲ, ಗೊತ್ತಿಲ್ಲ ಸರ್ ಎಂದ. ಪ್ರಾಮಾಣಿಕ ಎಂದು ಒಬ್ಬರು ಬೆನ್ನು ತಟ್ಟುವ ದನಿಯಲ್ಲಿ ಹೇಳಿದರು. ಮತ್ತೊಂದು ಕೇಳಿದರು, ಮತ್ತೆ ಗೊತ್ತಿಲ್ಲ ಎಂದ. ಮೂರನೆಯದಕ್ಕೂ ಅದನ್ನೇ ಹೇಳಿದಾಗ ಮೂವರೂ ಒಟ್ಟಿಗೆ ನಕ್ಕುಬಿಟ್ಟರು, ಕೆಟ್ಟ ನಗೆಯಲ್ಲ, ಮಕ್ಕಳನ್ನು ನೋಡಿ ನಗುವಂಥದು. ಪಟ್ಟಿಯಲ್ಲಿ ಅವನ ಹೆಸರು ಇರಲಿಲ್ಲ. ಆ ನಗೆಯ ಮೇಲಿನ ಸೇಡನ್ನು ಅವನು ಪುಟ್ಟಿಯ ಮೂಲಕ ತೀರಿಸಿಕೊಳ್ಳಲು ಹೊರಟಿದ್ದನೇ? ಅವಳು ಹತ್ತನೆಯ ತರಗತಿ ಮುಗಿಸಿದಾಗಿನಿಂದ ಒಂದೇ ಪಾಠ ಹೇಳಿದ್ದ: ಗೊತ್ತಿದ್ದರೆ ಗಟ್ಟಿಯಾಗಿ ನಿಲ್ಲು, ಅವರು ಎಷ್ಟೇ ಅಲ್ಲಾಡಿಸಲಿ. ಅವಳು ನಿಂತಳು. ನಿಲ್ಲಿಸಿದವನು ಕಾಲ ಕೆಳಗಿನ ಹಲಗೆಯನ್ನು ಮೊದಲೇ ಕೊಯ್ದಿಟ್ಟಿದ್ದ. ಅವನು ಮೀನುಗಾರಿಕೆಯ ಪ್ರಶ್ನೆಯನ್ನೇ ಅಳಿಸಿ ಹಾಕಿದ. ಊಟದ ಡಬ್ಬಿ ತೆರೆದು, ಎರಡು ತುತ್ತು ತಿಂದು, ಮುಚ್ಚಿದ.

ಮಧ್ಯಾಹ್ನ ಕೆಳಗಿನ ದೊಡ್ಡ ಕೋಣೆಯಲ್ಲಿ ಹೊಸಬರು ಬೆಂಚಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಹಿಂದಿನವರು ಕಿಟಕಿಯ ಕಟ್ಟೆಯ ಮೇಲೆ ಹತ್ತಿದ್ದರು. ಬೆವರು, ಹೊಸ ಪುಸ್ತಕದ ಅಂಟು, ಯಾರೋ ಬಿಚ್ಚಿದ ಕಾಲುಚೀಲ, ಎಲ್ಲ ಸೇರಿದ ವಾಸನೆ. ಅವನು ಒಳಗೆ ಹೋಗಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಪುಟ್ಟಿ ಸಂದರ್ಶನಕ್ಕೆಂದು ಅಕ್ಕ ಹೊಲಿದುಕೊಟ್ಟ ಬಟ್ಟೆಯನ್ನೇ ಮತ್ತೆ ಹಾಕಿಕೊಂಡು ಬಂದಿದ್ದಳು. ಮೊದಲು ಸ್ವಲ್ಪ ತಡವರಿಸಿ, ಆಮೇಲೆ ಸಲೀಸಾಗಿ ಮಾತಾಡಿದಳು. ಎಷ್ಟು ಚೆನ್ನಾಗಿ ಮಾತಾಡುತ್ತಾಳೆ ಎಂದು ಅವನಿಗೆ ಮೊದಲ ಸಲ ಗೊತ್ತಾಯಿತು, ಎದೆ ಉಬ್ಬಿ ಬಂತು, ಮರುಗಳಿಗೆ ಅದೇ ಎದೆಯಲ್ಲಿ ಭಯ ಹೊಕ್ಕಿತು, ಏಕೆಂದರೆ ಅವಳು ಕಪ್ಪೆಯ ಕಡೆಗೇ ಬರುತ್ತಿದ್ದಳು.

"ಖಚಿತಾನಾ ಅಂತ ಕೇಳ್ತಾರೆ. ಕೇಳೋದು ಹೆದರ್ಸೋಕೆ. ನೀವು ಓದಿದ್ದು ಸರಿ ಇದ್ರೆ ಹಿಂದೆ ಸರೀಬೇಡಿ," ಎಂದಳು. "ಒಬ್ಬ ದೊಡ್ಡ ವಿಜ್ಞಾನಿ, ತಾನು ಕಂಡುಹಿಡಿದ ಇಷ್ಟೇ ಇಷ್ಟು ಕಪ್ಪೆಗೆ ಅಮ್ಮನ ಹೆಸರಿಟ್ಟ ಅಂದ್ರೆ, ಅದು ಬರೀ ಜನರಲ್ ನಾಲೆಜ್ ಅಲ್ಲ ಅಂತ ನಂಗನ್ಸುತ್ತೆ. ಓದುವಾಗ ನಂಗೆ ನಮ್ಮಮ್ಮ ನೆನಪಾಗಿದ್ರು. ಅದಕ್ಕೇ ಅದು ಮರೀಲಿಲ್ಲ."

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಅದನ್ನು ಬರೆದುಕೊಂಡಳು. ಅವಳನ್ನು ನೋಡಿ ಪಕ್ಕದವನು ಬರೆದುಕೊಂಡ. ಪೆನ್ನುಗಳು ಒಂದಾದ ಮೇಲೊಂದು ಬಗ್ಗುವುದನ್ನು ಅವನು ನೋಡುತ್ತ ನಿಂತ. ಇಲ್ಲ, ಅದು ಹಾಗಲ್ಲ ಎಂದು ಈಗ, ಇಲ್ಲೇ ಹೇಳಿದರೆ ಎಲ್ಲರೂ ಕತ್ತು ತಿರುಗಿಸುತ್ತಾರೆ; ಇಷ್ಟು ಜನರ ಮುಂದೆ ಅವಳ ಮುಖ ಏನಾಗಬಹುದೆಂದು ಊಹಿಸಿ ಅವನು ಸುಮ್ಮನಾದ. ಅವಳ ಮುಖವೋ, ತನ್ನ ಮುಖವೋ ಎಂದು ಕೇಳಿಕೊಳ್ಳಲು ಹೋಗಲಿಲ್ಲ. ಡೈರೆಕ್ಟರು ಮೈಕು ಇಸಿದುಕೊಂಡು, "ಇದೆಲ್ಲ ಯಾರ ಪುಸ್ತಕದಲ್ಲಿತ್ತು?" ಎಂದರು. ನಮ್ಮದು ಎಂದು ಕೋಣೆಯೆಲ್ಲ ಕೂಗಿತು. ಅವರು ಬಾಗಿಲ ಕಡೆ ಕೈ ತೋರಿಸಿದರು. ಅಷ್ಟೂ ಮುಖಗಳು ಅವನತ್ತ ತಿರುಗಿದವು. ಚಪ್ಪಾಳೆ ಬಿತ್ತು. ಎಲ್ಲರೂ ತಟ್ಟುತ್ತಿರುವಾಗ ತಾನೊಬ್ಬ ಕೈಕಟ್ಟಿ ನಿಂತರೆ ಚೆನ್ನಾಗಿರುವುದಿಲ್ಲವೆಂದು ಅವನೂ ತಟ್ಟಿದ.

ಸಂಜೆ ಇಬ್ಬರೂ ಒಟ್ಟಿಗೆ ಬಸ್ ಸ್ಟಾಪಿನ ಕಡೆ ನಡೆದರು. ಫುಟ್‌ಪಾತಿನ ಕಲ್ಲು ಎದ್ದಿದ್ದ ಕಡೆಯಲ್ಲೆಲ್ಲ ಅವಳು ಅಭ್ಯಾಸದಂತೆ ಅವನ ಮೊಣಕೈ ಹಿಡಿದು ದಾಟಿಸುತ್ತಿದ್ದಳು. ಅವನ ಕಣ್ಣು ಮಬ್ಬಾಗಿ ಎರಡು ವರ್ಷವಾಗಿತ್ತು. ಝೆರಾಕ್ಸ್ ಅಂಗಡಿಯಲ್ಲಿ ಯಂತ್ರದ ಬೆಳಕು ಗೋಡೆಯ ಮೇಲೆ ಓಡುತ್ತಿತ್ತು. ಎಲ್ಲಿಂದಲೋ ಒಬ್ಬ ಹುಡುಗ ಓಡಿಬಂದು, ಮೇಡಂ ಬಹಳ ಚೆನ್ನಾಗಿ ಹೇಳಿದ್ರಿ ಎಂದು ಹೇಳಿ ಹೋದ. ಪುಟ್ಟಿ ನಾಚಿ ನಕ್ಕಳು. ಮೇಡಂ ಅಂತೆ ಮಾವ, ಅಂದಳು. ಆ ನಗುವನ್ನು ಇನ್ನು ಸ್ವಲ್ಪ ಹೊತ್ತು ನೋಡಿಬಿಟ್ಟರೆ ತಾನು ಯಾವತ್ತೂ ಹೇಳುವುದಿಲ್ಲ ಎಂದು ಅವನಿಗೆ ಖಂಡಿತವಾಯಿತು.

"ಪುಟ್ಟೀ, ಆ ಕಪ್ಪೆ ವಿಷಯ ತಪ್ಪು."

"ವರದಿ ಅಂದಿದ್ದಾ? ಮತ್ತೇನು ಹೇಳ್ಬೇಕಿತ್ತು?"

"ಅದಲ್ಲ. ಅದು ತಾಯಿ ಹೆಸರಲ್ಲ. ಆ ತೊರೇಲಿ ಮುಳುಗಿ ಸತ್ತ ಒಬ್ಬ ವಿದ್ಯಾರ್ಥಿ ಹೆಸರು. ನಾನೇ ಬದಲಾಯ್ಸಿ ಬರೆದಿದ್ದು. ಬೇಕು ಅಂತ."

ಹೇಳತೊಡಗಿದ ಮೇಲೆ ನಿಲ್ಲಿಸಲಾಗಲಿಲ್ಲ. ಎದುರಿನ ಕೇಂದ್ರ, ದೃಷ್ಟಿಬೊಟ್ಟು, ಜಾಹೀರಾತು ತಿಂದ ತಿದ್ದುಪಡಿ, ಅವಳ ಕೋಣೆಯ ಬಾಗಿಲ ತನಕ ಬಂದು ಹಿಂದಿರುಗಿದ್ದು, ಎಲ್ಲ. ತನ್ನನ್ನು ಕಾಪಾಡಿಕೊಳ್ಳುವ ಹಾಗೆ ಹೇಳಬಾರದೆಂದುಕೊಂಡರೂ ನಡುವೆ ಎರಡು ಸಲ ಡೈರೆಕ್ಟರ ಹೆಸರು ಬಂದುಹೋಯಿತು. ಅವಳು ನಡೆಯುವುದನ್ನು ನಿಲ್ಲಿಸಲಿಲ್ಲ. ಎದ್ದ ಕಲ್ಲು ಬಂದಾಗ ಮೊಣಕೈ ಹಿಡಿಯುವುದನ್ನೂ ಬಿಡಲಿಲ್ಲ.

"ನಾನು ಓದಿದ್ದೆ," ಎಂದಳು. "ಹೋಗೋ ಹಿಂದಿನ ದಿನ. ಹಳೇ ಪತ್ರಿಕೇಲಿ. ಆ ಹುಡುಗನ ಫೋಟೋನೂ ಇತ್ತು, ಮೀಸೆ ಸರಿಯಾಗಿ ಬಂದಿರ್ಲಿಲ್ಲ. ಪತ್ರಿಕೆಯೋರು ಜನರ ಕಣ್ಣಲ್ಲಿ ನೀರು ತರ್ಸೋಕೆ ಬರ್ದಿದಾರೆ ಅಂದ್ಕೊಂಡೆ. ಮಾವ ನೋಡ್ದೆ ಬರೆಯಲ್ಲ ಅಂತ."

ಅವನು ಅಲ್ಲೇ ನಿಂತ. ಅವಳಿಗೆ ಸರಿಯುತ್ತರ ಸಿಕ್ಕಿತ್ತು. ಕೈಗೆ ಬಂದದ್ದನ್ನು ಅವನ ಮೇಲಿನ ನಂಬಿಕೆಯಿಂದ ಪಕ್ಕಕ್ಕಿಟ್ಟು ಹೋಗಿದ್ದಳು. ಬಯ್ಯಲಿ, ಅಳಲಿ, ಹೊಡೆದರೂ ಹೊಡೆಯಲಿ ಎಂದು ಕಾದ. ಅವಳು ಮುಂದೆ ಹೋಗಿ ಬಸ್ ಸ್ಟಾಪಿನ ಕಬ್ಬಿಣದ ಬೆಂಚಿನ ಮೇಲೆ ಕೂತು, ಪಕ್ಕದಲ್ಲಿ ಅವನಿಗೆ ಜಾಗ ಬಿಟ್ಟಳು.

"ಇನ್ನೂ ಯಾವ್ಯಾವುದು?" ಎಂದಳು.

ಅವನು ನಾಲ್ಕೈದು ಹೇಳಿದ. ಒಂದು ಸೇತುವೆ, ಒಂದು ಅಂಚೆಚೀಟಿ, ಯಾವುದೋ ಸಮ್ಮೇಳನದ ಅಧ್ಯಕ್ಷೆಯ ದೇಶ. ಆರನೆಯದಕ್ಕೆ ತಡೆದ. ಅದು ಬೊಟ್ಟೋ, ನಿಜವೋ ಅವನಿಗೇ ನೆನಪಾಗಲಿಲ್ಲ. "ಎಲ್ಲಾ ನೆನಪಿಲ್ಲ," ಎಂದ. ಅವಳು ತಲೆಯಾಡಿಸಿದಳು. ರಸ್ತೆಯಾಚೆಯ ಗೋಡೆಯ ಮೇಲೆ ಕಣ್ಣಿಟ್ಟು ಏನನ್ನೋ ಒಂದೊಂದಾಗಿ ತೆಗೆದು ನೋಡುತ್ತಿರುವವಳ ಹಾಗೆ ಕೂತಿದ್ದಳು. ಮನೆಯ ಕಡೆಯ ಬಸ್ಸೊಂದು ತುಂಬಿ ಬಂದು ನಿಲ್ಲದೆ ಹೋಯಿತು.

"ಮಾವ, ಅಪ್ಪ ಹೇಳಿದ್ದು," ಎಂದಳು. "ಆಸ್ಪತ್ರೇಲಿ. ಅದು?"

ಅವಳು ಐದನೆಯ ತರಗತಿಯಲ್ಲಿದ್ದಾಗ ಭಾವ ತೀರಿಕೊಂಡಿದ್ದು. ಅಕ್ಕ ಔಷಧಿ ತರಲು ಕೆಳಗಿಳಿದಿದ್ದ ಹೊತ್ತು. ಹಾಸಿಗೆಯ ಹತ್ತಿರ ಇದ್ದವನು ಅವನೊಬ್ಬನೇ. ಅಂದು ಸಂಜೆ ಮನೆಯ ಮೆಟ್ಟಿಲ ಮೇಲೆ ಆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಪುಟ್ಟಿ ಎಷ್ಟು ಓದ್ತಾಳೋ ಅಷ್ಟು ಓದಿಸು, ನಿಲ್ಲಿಸ್ಬೇಡ ಅಂತ ನಿಮ್ಮಪ್ಪ ಹೇಳಿ ಹೋದ್ರು ಎಂದಿದ್ದ. ಆ ಒಂದು ಮಾತಿನ ಮೇಲೆ ಆ ಮನೆ ಇಷ್ಟು ವರ್ಷ ನಡೆದಿತ್ತು. ಅಕ್ಕನ ಕಾಲು ಪೆಡಲಿನ ಮೇಲಿನಿಂದ ಇಳಿಯದೆ ಹೋದದ್ದು, ಅವನು ಮದುವೆಯ ಮಾತು ಬಂದಾಗಲೆಲ್ಲ ಮುಂದೂಡಿದ್ದು, ಪುಟ್ಟಿ ಬೇರೆ ಕೆಲಸ ಸಿಕ್ಕರೂ ಬಿಟ್ಟು ಸಲಸಲವೂ ಪರೀಕ್ಷೆಗೆ ಕೂತದ್ದು, ಎಲ್ಲವೂ ಅದರ ಮೇಲೆ.

ಅದು ನಿಜವಾಗಿತ್ತು. ಭಾವ ಮುಖದ ಮೇಲಿನ ಆಮ್ಲಜನಕದ ಮುಖವಾಡವನ್ನು ಎರಡು ಬೆರಳಲ್ಲಿ ಪಕ್ಕಕ್ಕೆ ಸರಿಸಿ, ಒಣಗಿದ ತುಟಿಯಿಂದ ಆ ಮಾತನ್ನೇ ಹೇಳಿದ್ದರು, ಅದೇ ಪದಗಳಲ್ಲಿ. ಹೇಳಿ ನೀರು ಕೇಳಿದ್ದರು. ಅವನ ಬದುಕಿನಲ್ಲಿ ಅಷ್ಟು ಸ್ಪಷ್ಟವಾಗಿ ನೆನಪಿರುವುದು ಬೇರೆ ಯಾವುದೂ ಇರಲಿಲ್ಲ. ಆದರೆ ಅಲ್ಲಿ ಇನ್ನಾರೂ ಇರಲಿಲ್ಲ. ತೋರಿಸಲು ಏನೂ ಇರಲಿಲ್ಲ.

"ಅದು ನಿಜ ಪುಟ್ಟೀ," ಎಂದ. "ಅದು ನಿಜ. ನನ್ನ ಕಿವಿಯಾರೆ ಕೇಳಿದ್ದು."

ಅವನ ದನಿ ಅವನಿಗೇ ಕೇಳಿಸಿತು. ಬೆಳಿಗ್ಗೆ ನೋಡಿ ಹೇಳ್ತೀನಿ ಎಂದದ್ದೂ ಇದೇ ದನಿಯಲ್ಲಿ. ಇನ್ನೊಂದು ದನಿ ಅವನಲ್ಲಿ ಇರಲಿಲ್ಲ. ಅವಳು ತಿರುಗಿ ಅವನ ಮುಖವನ್ನು, ಅವಸರವಿಲ್ಲದೆ, ಹಣೆಯಿಂದ ಗಲ್ಲದ ತನಕ ನೋಡಿದಳು. ಪ್ರಶ್ನೆಪತ್ರಿಕೆಯನ್ನು ಅವಳು ಓದುತ್ತಿದ್ದುದು ಹೀಗೆಯೇ, ಅವನೇ ಕಲಿಸಿದ್ದು: ನಾಲ್ಕನ್ನೂ ಓದು, ಚೆಂದ ಕಾಣುವುದನ್ನು ಮೊದಲು ಅನುಮಾನಿಸು.

"ಇರ್ಬಹುದು ಮಾವ," ಎಂದಳು, ಮೃದುವಾಗಿ, ಕಾಯಿಲೆಯವರಿಗೆ ಹೇಳುವ ಹಾಗೆ.

ಬಸ್ಸು ಬಂತು. ಅವಳು ಅವನ ಮೊಣಕೈ ಹಿಡಿದು ಹತ್ತಿಸಿ, ಕಿಟಕಿಯ ಪಕ್ಕ ಅವನನ್ನು ಕೂರಿಸಿ, ತಾನು ಈಚೆ ಕೂತಳು. ಚಿಕ್ಕಂದಿನಿಂದಲೂ ಬಸ್ಸಿನಲ್ಲಿ ಅದೇನು ಮಾವ, ಇದು ಯಾಕೆ ಹೀಗೆ ಎಂದು ಅವನ ತಲೆ ತಿನ್ನುತ್ತಿದ್ದವಳು, ಮನೆ ಬರುವ ತನಕ ಏನನ್ನೂ ಕೇಳಲಿಲ್ಲ.